ಮೇನ್ ಕೂನ್ ಬೆಕ್ಕಿಗೆ ಕಾಡಿನ ರಕ್ತವಿದೆಯೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಎಂಟು ತಿಂಗಳ ಗಂಡು ಮೇನ್ ಕೂನ್ ಬೆಕ್ಕಿದೆ. ಈಗಲೇ 5.4 ಕೆ.ಜಿ. ತೂಗುತ್ತದೆ. ಒಂಬತ್ತು ವಾರದ ಮರಿಯಿದ್ದಾಗ ತಂದೆವು. ‘ನಾಯಿಯ ಹಾಗೆ ಹಿಂದೆ ಹಿಂದೆಯೇ ಬರುತ್ತದೆ, ತುಂಬಾ ಸಾಧು’ ಎಂದು ಮಾರಿದವರು ಹೇಳಿದ್ದರು. ಹಿಂದೆ ಬರುವುದೇನೋ ನಿಜ. ಆದರೆ ತೊಡೆ ಮೇಲೆ ಕೂರುವುದಿಲ್ಲ, ಎತ್ತಿಕೊಂಡರೆ ಒದ್ದಾಡುತ್ತದೆ. ಸಂಜೆ ಏಳರ ಹೊತ್ತಿಗೆ ಎಲ್ಲಿಂದಲೋ ಹಾರಿ ಬಂದು ಕೈಗೆ, ಕಾಲಿಗೆ ಬಾಯಿ ಹಾಕುತ್ತದೆ. ಆರು ವರ್ಷದ ಮಗಳಿಗೆ ಎರಡು ಸಲ ಹಲ್ಲು ನಾಟಿದೆ. ಈ ತಳಿ ರಕೂನ್ ಎಂಬ ಅಮೆರಿಕದ ಕಾಡುಪ್ರಾಣಿಯ ಅಥವಾ ಕಾಡುಬೆಕ್ಕಿನ ಮಿಶ್ರಣ, ದೊಡ್ಡದಾದ ಮೇಲೆ ಕಾಡುಬುದ್ಧಿ ಹೊರಗೆ ಬರುತ್ತದೆ ಎಂದು ಪರಿಚಿತರು ಹೆದರಿಸುತ್ತಿದ್ದಾರೆ. ಹೊಟ್ಟೆಯ ಕೂದಲು ಗಂಟುಗಟ್ಟಿದೆ, ಅಲ್ಲಿ ಮುಟ್ಟಲು ಬಿಡುವುದಿಲ್ಲ. ಪೂರ್ತಿ ಬೋಳಿಸಿಬಿಡಿ ಎಂದು ಒಬ್ಬರ ಸಲಹೆ. ಸಂತಾನಹರಣ ಶಸ್ತ್ರಚಿಕಿತ್ಸೆ ಇನ್ನೂ ಮಾಡಿಸಿಲ್ಲ. ಇಟ್ಟುಕೊಳ್ಳಬಹುದೇ, ಬೇರೆಯವರಿಗೆ ಕೊಟ್ಟುಬಿಡುವುದು ವಾಸಿಯೇ?

ಉತ್ತರ: ಮೊದಲು ಮಗಳ ವಿಷಯ. ಬೆಕ್ಕಿನ ಹಲ್ಲು ಸೂಜಿಯಷ್ಟು ಸಣ್ಣ, ಗಾಯದ ಬಾಯಿ ಬೇಗ ಮುಚ್ಚಿಕೊಳ್ಳುತ್ತದೆ. ಆದರೆ ಬ್ಯಾಕ್ಟೀರಿಯಾ ಆಳಕ್ಕೆ ಇಳಿದಿರುತ್ತದೆ. ಚರ್ಮ ತೂತಾದರೆ ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆದು ಅದೇ ದಿನ ವೈದ್ಯರಿಗೆ ತೋರಿಸಿ. ಹಿಂದಿನ ಎರಡು ಕಡಿತಗಳನ್ನು ತೋರಿಸದೇ ಇದ್ದರೆ ಈಗಲಾದರೂ ತಿಳಿಸಿ. ಬೆಕ್ಕಿನ ರೇಬೀಸ್ ಲಸಿಕೆ ಆಗಿದೆಯೇ, ಯಾವ ದಿನ ಆಗಿದೆ ಎಂಬ ಚೀಟಿ ಕೈಲಿರಲಿ. ಸಾಕಿದ ಬೆಕ್ಕು, ಆಟಕ್ಕೆ ಕಚ್ಚಿದ್ದು ಎಂದು ಇದನ್ನು ಕಡೆಗಣಿಸಬೇಡಿ.

ಇನ್ನು ಉಳಿದದ್ದು. ನಿಮ್ಮ ಪತ್ರದಲ್ಲಿ ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಸೇರಿಹೋಗಿವೆ: ತಳಿಯ ಹುಟ್ಟಿನ ಬಗ್ಗೆ ಕೇಳಿದ ಮಾತು, ಹರೆಯದ ಗಂಡು ಬೆಕ್ಕಿನ ಪುಂಡಾಟ, ಗಂಟುಗಟ್ಟಿದ ಕೂದಲಿನ ನೋವು, ಮತ್ತು ತೊಡೆ ಮೇಲೆ ಕೂರುವ ಬೆಕ್ಕಿನ ನಿರೀಕ್ಷೆ. ‘ಕಾಡುಬುದ್ಧಿ’ ಎಂದುಬಿಟ್ಟರೆ ಎಲ್ಲಕ್ಕೂ ಒಂದೇ ಉತ್ತರ ಸಿಕ್ಕಂತಾಗುತ್ತದೆ, ಹಾಗಾಗಿಯೇ ಆ ಮಾತು ಅಷ್ಟು ಬೇಗ ಮನಸ್ಸಿಗೆ ನಾಟುತ್ತದೆ. ಅದು ಸುಳ್ಳು ಮಾತ್ರವಲ್ಲ, ಈ ತಳಿಯಲ್ಲಿ ನಿಜವಾಗಿ ಗಮನ ಕೊಡಬೇಕಾದ ಹೃದಯ ಮತ್ತು ಸೊಂಟದ ಕೀಲಿನಿಂದ ನಿಮ್ಮ ಚಿಂತೆಯನ್ನು ಬೇರೆ ಕಡೆ ಎಳೆಯುತ್ತದೆ.

ಹುಟ್ಟಿನ ಕಥೆಗಳು

ರಕೂನ್ ಜೊತೆ ಬೆಕ್ಕು ಕೂಡಿ ಮರಿ ಹಾಕುವುದು ಸಾಧ್ಯವೇ ಇಲ್ಲ. ರಕೂನ್ ಬೆಕ್ಕಿನ ಕುಟುಂಬಕ್ಕೆ ಸೇರಿದ ಪ್ರಾಣಿಯೇ ಅಲ್ಲ. ಮಾಂಸಾಹಾರಿ ಪ್ರಾಣಿಗಳಲ್ಲಿ ಅದು ನಾಯಿ, ಕರಡಿಗಳಿರುವ ಕವಲಿನದು. ಕಂದು ಪಟ್ಟೆಯ ಮೈ, ಉಂಗುರ ಉಂಗುರವಾದ ದಪ್ಪ ಬಾಲ ನೋಡಿ ಜನ ರಕೂನ್ ಜೊತೆ ಹೋಲಿಕೆ ಕಟ್ಟಿದರು, ‘ಕೂನ್’ ಎಂಬ ಹೆಸರು ಅಂಟಿಕೊಂಡಿತು. ಉತ್ತರ ಅಮೆರಿಕದ ಕಾಡುಬೆಕ್ಕಾದ ಬಾಬ್‌ಕ್ಯಾಟ್ ಜೊತೆಗಿನ ಸಂಬಂಧವೂ ಕಿವಿಯ ತುದಿಯ ಕೂದಲು ಕಂಡು ಹುಟ್ಟಿದ ಊಹೆ. ಬಾಬ್‌ಕ್ಯಾಟಿಗೆ ಮೋಟು ಬಾಲ, ಮೇನ್ ಕೂನ್‌ಗೆ ಹೆಚ್ಚುಕಡಿಮೆ ಮೈಯಷ್ಟೇ ಉದ್ದದ ಬಾಲ. ಜೀನ್ ಅಧ್ಯಯನಗಳಲ್ಲಿ ಮೇನ್ ಕೂನ್ ಪಶ್ಚಿಮ ಯೂರೋಪ್ ಮೂಲದ ಸಾಮಾನ್ಯ ಸಾಕುಬೆಕ್ಕುಗಳ ಗುಂಪಿನಲ್ಲೇ ನಿಲ್ಲುತ್ತದೆ.

ಕಾಡುಪ್ರಾಣಿಯ ಮಿಶ್ರಣದಿಂದ ಬಂದ ತಳಿಗಳು ಇಲ್ಲವೆಂದಲ್ಲ. ಬೆಂಗಾಲ್ ತಳಿಯ ಹಿಂದೆ ಏಷ್ಯಾದ ಚಿರತೆಬೆಕ್ಕು ಇದೆ, ಸವಾನ್ನಾ ತಳಿಯ ಹಿಂದೆ ಆಫ್ರಿಕಾದ ಸರ್ವಲ್ ಎಂಬ ಕಾಡುಬೆಕ್ಕು ಇದೆ. ಮೇನ್ ಕೂನ್ ಆ ಸಾಲಿಗೆ ಸೇರುವುದಿಲ್ಲ. ಅದಕ್ಕೆ ಕಾಡಿನ ಪೂರ್ವಜ ಎಂದು ಹೇಳಬಹುದಾದದ್ದು ಆಫ್ರಿಕಾ–ಪಶ್ಚಿಮ ಏಷ್ಯಾದ ಸಣ್ಣ ಕಾಡುಬೆಕ್ಕು ಮಾತ್ರ. ಅದು ಬೀದಿಯ ಬೆಕ್ಕಿಗೂ, ಮೊಂಡು ಮೂಗಿನ ಪರ್ಷಿಯನ್‌ಗೂ ಅಷ್ಟೇ ಹತ್ತಿರದ ಪೂರ್ವಜ.

ಇನ್ನೊಂದು ಕಥೆ ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್‌ಳದು. ಆಕೆಯನ್ನು ಪಾರುಮಾಡಲು ಕ್ಲೌ ಎಂಬ ಕ್ಯಾಪ್ಟನ್ ಹಡಗು ಸಿದ್ಧ ಮಾಡಿದ್ದ, ರಾಣಿ ಬರಲಾಗಲಿಲ್ಲ, ಆಕೆಯ ಬೆಕ್ಕುಗಳು ಮಾತ್ರ ಅಮೆರಿಕದ ಮೇನ್ ರಾಜ್ಯದ ತೀರದ ವಿಸ್ಕ್ಯಾಸೆಟ್ ಊರನ್ನು ತಲುಪಿದವು ಎನ್ನುತ್ತಾರೆ. ರಾಣಿ 1793ರಲ್ಲಿ ಗಿಲೋಟಿನ್‌ಗೆ ಬಲಿಯಾದದ್ದು ಇತಿಹಾಸ. ಬೆಕ್ಕುಗಳ ಪಯಣ ಬರೀ ಕಥೆ. ವೈಕಿಂಗರು ತಂದರು ಎಂಬುದಕ್ಕೂ ಆಧಾರವಿಲ್ಲ.

ಒಪ್ಪಬಹುದಾದ ವಿವರಣೆ ಸರಳವಾಗಿದೆ. ಅಮೆರಿಕ ಖಂಡದಲ್ಲಿ ಮೊದಲು ಸಾಕುಬೆಕ್ಕುಗಳಿರಲಿಲ್ಲ. ಇಲಿ ಹಿಡಿಯಲೆಂದು ಯೂರೋಪಿನ ಹಡಗುಗಳಲ್ಲಿ ಬಂದವು, ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದ ಬಂದರುಗಳಲ್ಲಿ ಇಳಿದವು, ಹೊಲಮನೆಗಳ ಕಣಜಗಳಲ್ಲಿ ನೆಲೆನಿಂತವು. ಕೂದಲನ್ನು ಉದ್ದ ಮಾಡುವುದು ಎಫ್‌ಜಿಎಫ್5 ಎಂಬ ಜೀನ್‌ನಲ್ಲಿ ಆಗುವ ಬದಲಾವಣೆ. ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಅದು ಹೊರಗೆ ಕಾಣುತ್ತದೆ. ಸಾಮಾನ್ಯ ಊರಿನಲ್ಲಿ ಇದು ಅಪರೂಪಕ್ಕೆ ತಲೆ ಎತ್ತುವ ಗುಣ. ತಿಂಗಳುಗಟ್ಟಲೆ ಹಿಮ ಬೀಳುವ ಊರಿನಲ್ಲಿ, ಚಳಿಗಾಲ ದಾಟಿದ ಬೆಕ್ಕಿಗೇ ಮರಿ ಎಂಬ ಸ್ಥಿತಿಯಲ್ಲಿ, ದಪ್ಪ ಮೈ, ಉದ್ದ ಕೂದಲು, ಬೆರಳ ಸಂದಿನ ಕೂದಲಗೊಂಚಲು, ಮೈಗೆ ಸುತ್ತಿಕೊಳ್ಳಬಲ್ಲ ಬಾಲ ಇರುವವು ಹೆಚ್ಚಾದವು. ಯಾರೂ ಕೂತು ಯೋಜನೆ ಹಾಕಿ ಮಾಡಿದ ತಳಿ ಇದಲ್ಲ. ಹೊಲಮನೆಗಳು ಇಲಿಗಾಗಿ ಇಟ್ಟುಕೊಂಡು, ಮನುಷ್ಯರ ನಡುವೆ ಬೆಳೆದ ಬೆಕ್ಕು.

1861ರಲ್ಲಿ ಕ್ಯಾಪ್ಟನ್ ಜೆಂಕ್ಸ್ ಎಂಬ ಕಪ್ಪು-ಬಿಳಿ ಮೇನ್ ಕೂನ್ ಇದ್ದದ್ದು ದಾಖಲಾಗಿದೆ. 1895ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ದೊಡ್ಡ ಪ್ರದರ್ಶನದಲ್ಲಿ ಗೆದ್ದದ್ದು ಕೋಸಿ ಎಂಬ ಕಂದು ಪಟ್ಟೆಯ ಹೆಣ್ಣು ಮೇನ್ ಕೂನ್. ಅದಕ್ಕೆ ಸಿಕ್ಕ ಬೆಳ್ಳಿಯ ಕೊರಳಪಟ್ಟಿ ಇಂದಿಗೂ ಉಳಿದಿದೆ. ಆಮೇಲೆ ಪರ್ಷಿಯನ್ ಬೆಕ್ಕಿನ ಹುಚ್ಚು ಹಬ್ಬಿ ಇದು ಮೂಲೆಗೆ ಸರಿಯಿತು. 1950ರ ದಶಕದಲ್ಲಿ ತಳಿಯೇ ಅಳಿದುಹೋಯಿತು ಎಂಬ ಮಾತೂ ಕೇಳಿಬಂತು, ಅದು ಅತಿಶಯೋಕ್ತಿ. ಮೇನ್‌ನ ಉತ್ಸಾಹಿಗಳು ಬಿಡಲಿಲ್ಲ. 1968ರಲ್ಲಿ ಈ ತಳಿಗೆಂದೇ ಬ್ರೀಡರ್‌ಗಳ ಸಂಘ ಹುಟ್ಟಿತು, 1976ರಲ್ಲಿ ಬೆಕ್ಕಿನ ತಳಿಗಳನ್ನು ನೋಂದಾಯಿಸುವ ಅಮೆರಿಕದ ಸಿಎಫ್‌ಎ ಸಂಸ್ಥೆ ಪೂರ್ಣ ಸ್ಪರ್ಧಾ ಮಾನ್ಯತೆ ಕೊಟ್ಟಿತು, 1985ರಲ್ಲಿ ಇದು ಮೇನ್ ರಾಜ್ಯದ ಅಧಿಕೃತ ಬೆಕ್ಕಾಯಿತು.

ಇಷ್ಟು ಇತಿಹಾಸ ಹೇಳಿದ್ದಕ್ಕೆ ಕಾರಣವಿದೆ. ನಿಮ್ಮ ಮನೆಯಲ್ಲಿರುವುದು ತಲೆಮಾರುಗಳ ಕಾಲ ಬೇಟೆಯಾಡಿ, ಹತ್ತಿ, ಹಾರಿ ಬದುಕಿದ ಬೆಕ್ಕಿನ ಮೈ. ದಿಂಬಿನ ಮೇಲೆ ಮಲಗಿ ದಿನ ಕಳೆಯಲು ಬೆಳೆಸಿದ ತಳಿ ಇದಲ್ಲ. ಅದಕ್ಕೆ ಕೆಲಸ ಬೇಕು, ಸಿಗದಿದ್ದರೆ ಅದೇ ಹುಡುಕಿಕೊಳ್ಳುತ್ತದೆ.

ಸ್ವಭಾವ: ಯಾವುದು ತಳಿಯದು, ಯಾವುದು ವಯಸ್ಸಿನದು

ಮೇನ್ ಕೂನ್ ಸಾಮಾನ್ಯವಾಗಿ ಸ್ನೇಹದ ಬೆಕ್ಕು. ಅಡುಗೆಮನೆಗೆ ಹೋದರೆ ಅಲ್ಲಿ, ಬಚ್ಚಲಿಗೆ ಹೋದರೆ ಬಾಗಿಲಾಚೆ. ಮಿಯಾಂವ್ ಎನ್ನುವುದಕ್ಕಿಂತ ಹಕ್ಕಿಯಂತೆ ಚಿಲಿಪಿಲಿ, ‘ಬ್ರ್ರ್’ ಎಂಬ ಗುಟುಕು ಸದ್ದು ಹೆಚ್ಚು. ಅನೇಕಕ್ಕೆ ನೀರಿನ ಮೇಲೆ ಆಸೆ. ಬಟ್ಟಲಿಗೆ ಪಂಜ ಅದ್ದಿ ನೋಡುತ್ತವೆ. ಆದರೆ ಸ್ನೇಹ ಎಂದರೆ ಮುದ್ದುಮಾಡಿಸಿಕೊಳ್ಳುವುದು ಎಂದಲ್ಲ. ಹತ್ತಿರ ಇರುತ್ತದೆ, ಮೈಮೇಲೆ ಇರುವುದಿಲ್ಲ. ಎತ್ತಿಕೊಳ್ಳುವುದನ್ನು ಇಷ್ಟಪಡದ ಮೇನ್ ಕೂನ್‌ಗಳು ಬಹಳ. ಪಕ್ಕದಲ್ಲಿ ಕೂತು ನಿಮ್ಮನ್ನೇ ನೋಡುವ ಬೆಕ್ಕು ತನ್ನ ಪ್ರೀತಿಯನ್ನು ಪೂರ್ತಿಯಾಗಿಯೇ ತೋರಿಸುತ್ತಿರುತ್ತದೆ. ಮಾರಿದವರ ‘ನಾಯಿಯ ಹಾಗೆ’ ಎಂಬ ಮಾತಿನಲ್ಲಿ ಅರ್ಧ ನಿಜವಿದೆ, ಉಳಿದರ್ಧ ಮಾರಾಟದ ಮಾತು.

ಸ್ವಭಾವದಲ್ಲಿ ವಂಶದ ಪಾಲು ಎಷ್ಟು? ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಸುಮಾರು 5,700 ಬೆಕ್ಕುಗಳ ಮಾಹಿತಿ ಕಲೆಹಾಕಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೇನ್ ಕೂನ್ ಸೇರಿದಂತೆ ಮೂರು ತಳಿಗಳಲ್ಲಿ ಇದನ್ನು ಲೆಕ್ಕ ಹಾಕಿದ್ದಾರೆ: ಬೆಕ್ಕು–ಬೆಕ್ಕಿನ ನಡುವಣ ನಡವಳಿಕೆಯ ವ್ಯತ್ಯಾಸದಲ್ಲಿ ಶೇ. 40ರಿಂದ 53ರಷ್ಟು ವಂಶದಿಂದ. ಉಳಿದದ್ದು ಬೆಳೆದ ರೀತಿ, ಮನೆ, ಅನುಭವ. ಹಾಗಾಗಿ ಮರಿ ತರುವವರಿಗೆ ನಾನು ಹೇಳುವುದು ಒಂದೇ: ತಾಯಿಬೆಕ್ಕನ್ನು ನೋಡಿ, ಸಾಧ್ಯವಾದರೆ ತಂದೆಯನ್ನೂ. ತಾಯಿ ಅಪರಿಚಿತರನ್ನು ಕಂಡು ಅವಿತರೆ ತಳಿಯ ಹೆಸರು ನಿಮ್ಮನ್ನು ಕಾಯುವುದಿಲ್ಲ.

ನಿಮ್ಮ ಬೆಕ್ಕಿನ ವಿಷಯದಲ್ಲಿ ನನ್ನ ಕಣ್ಣು ಬಿದ್ದದ್ದು ಒಂಬತ್ತು ವಾರ ಎಂಬಲ್ಲಿ. ಮರಿಗಳು ಕಡಿತದ ಹದ ಕಲಿಯುವುದು ಅಣ್ಣತಮ್ಮಂದಿರ ಜೊತೆ ಕುಸ್ತಿಯಾಡಿ. ಜೋರಾಗಿ ಕಚ್ಚಿದರೆ ಎದುರಿನ ಮರಿ ಕಿರುಚಿ ಆಟ ಬಿಟ್ಟು ಹೋಗುತ್ತದೆ. ತಾಯಿ ಒಂದೇಟು ಕೊಡುತ್ತಾಳೆ. ಈ ಪಾಠ ಮುಗಿಯಲು ಹನ್ನೆರಡು ವಾರವಾದರೂ ಬೇಕು. ಬೇಗ ತಾಯಿಯಿಂದ ಬೇರ್ಪಟ್ಟ ಬೆಕ್ಕುಗಳಲ್ಲಿ ಆಕ್ರಮಣದ ನಡವಳಿಕೆ ಹೆಚ್ಚು ಎಂದು ಅದೇ ಹೆಲ್ಸಿಂಕಿಯ 2017ರ ಅಧ್ಯಯನ ತೋರಿಸಿದೆ. ಹದಿನಾಲ್ಕು ವಾರದವರೆಗೆ ತಾಯಿಯ ಬಳಿ ಬಿಡುವುದು ಒಳ್ಳೆಯದು ಎಂಬುದು ಅದರ ಸಲಹೆ. ನಿಮ್ಮ ಮರಿ ಪಾಠ ಅರ್ಧದಲ್ಲಿರುವಾಗಲೇ ಮನೆಗೆ ಬಂದಿದೆ. ಚಿಕ್ಕದಿದ್ದಾಗ ಬೆರಳು ಆಡಿಸಿ ಆಟ ಆಡಿಸಿದ್ದರೆ (ಹೆಚ್ಚಿನ ಮನೆಗಳಲ್ಲಿ ಆಡಿಸುತ್ತಾರೆ) ಕೈ ಎಂದರೆ ಬೇಟೆ ಎಂದೇ ಅದು ಕಲಿತಿರುತ್ತದೆ.

ಇದಕ್ಕೆ ವಯಸ್ಸು ಸೇರುತ್ತದೆ. ಮೇನ್ ಕೂನ್ ನಿಧಾನ ಬೆಳೆಯುವ ತಳಿ, ಪೂರ್ಣ ಗಾತ್ರಕ್ಕೆ ಮೂರರಿಂದ ಐದು ವರ್ಷ. ಮೈ ದೊಡ್ಡ ಬೆಕ್ಕಿನಷ್ಟಿದ್ದರೂ ಒಳಗಿರುವುದು ಮರಿ. ಸಾಮಾನ್ಯ ಬೆಕ್ಕಿನ ಮರಿ ಮಾಡಿದರೆ ನಕ್ಕು ಬಿಡುವ ಆಟವನ್ನೇ ಐದೂವರೆ ಕೆ.ಜಿ. ಬೆಕ್ಕು ಮಾಡಿದಾಗ ದಾಳಿಯೆನಿಸುತ್ತದೆ. ವ್ಯತ್ಯಾಸ ಗುರುತಿಸುವುದು ಕಷ್ಟವಲ್ಲ. ಆಟದ ದಾಳಿಯಲ್ಲಿ ಬೆಕ್ಕು ಸದ್ದಿಲ್ಲದೆ ಹೊಂಚು ಹಾಕುತ್ತದೆ, ಹಿಂಭಾಗ ಅಲ್ಲಾಡಿಸುತ್ತದೆ, ಚಲಿಸುವ ಕಾಲಿಗೆ ಹಾರಿ ಓಡಿಹೋಗುತ್ತದೆ. ಹೆದರಿದ ಬೆಕ್ಕು ಕಿವಿ ಮಲಗಿಸಿ, ಬುಸುಗುಟ್ಟಿ, ಗುರುಗುಟ್ಟಿ, ಮೈ ಕುಗ್ಗಿಸುತ್ತದೆ. ನೋವಿರುವ ಬೆಕ್ಕು ನಿರ್ದಿಷ್ಟ ಜಾಗ ಮುಟ್ಟಿದಾಗ ಥಟ್ಟನೆ ತಿರುಗಿ ಕಚ್ಚುತ್ತದೆ. ನಿಮ್ಮ ಸಂಜೆಯ ಕಡಿತ ಮೊದಲನೆಯದು. ಹೊಟ್ಟೆ ಮುಟ್ಟಲು ಬಿಡದಿರುವುದು ಮೂರನೆಯದು ಎಂದು ನನ್ನ ಗುಮಾನಿ.

ಸಂಜೆ ಏಳಕ್ಕೇ ಯಾಕೆ ಎಂದರೆ ಬೆಕ್ಕುಗಳು ನಸುಕು ಮತ್ತು ಮುಸ್ಸಂಜೆಯಲ್ಲಿ ಚುರುಕಾಗುವ ಪ್ರಾಣಿಗಳು. ದಿನವಿಡೀ ಮಲಗಿದ ಬೆಕ್ಕಿಗೆ ಆ ಹೊತ್ತಿಗೆ ಮೈತುಂಬ ಹುರುಪು, ಮನೆಯವರೂ ಓಡಾಡಲು ತೊಡಗಿರುತ್ತಾರೆ.

ಕಡಿತ ನಿಲ್ಲಿಸುವುದು

ಏಳಕ್ಕೆ ಕಡಿತವಾದರೆ ಆರೂವರೆಗೇ ಬೇಟೆ ಮುಗಿಸಿ. ಉದ್ದ ಕೋಲಿಗೆ ಒಂದು ಮೀಟರ್ ದಾರ, ತುದಿಗೆ ಗರಿ ಅಥವಾ ಬಟ್ಟೆಯ ಇಲಿ. ಇದನ್ನು ಬೆಕ್ಕಿನ ಮುಖದ ಮುಂದೆ ಕುಣಿಸುವುದು ಎಲ್ಲರೂ ಮಾಡುವ ತಪ್ಪು. ಯಾವ ಇಲಿಯೂ ಬೆಕ್ಕಿನ ಕಡೆಗೆ ಓಡಿಬರುವುದಿಲ್ಲ. ಆಟಿಕೆ ನೆಲಕ್ಕೆ ಅಂಟಿಕೊಂಡೇ ಬೆಕ್ಕಿನಿಂದ ದೂರ ಹರಿಯಲಿ, ಕುರ್ಚಿಯ ಕಾಲಿನ ಹಿಂದೆ ಮರೆಯಾಗಲಿ, ನಿಲ್ಲಲಿ, ತುದಿ ಮಾತ್ರ ಒಮ್ಮೆ ಅಲುಗಲಿ. ಬೆಕ್ಕು ಹೊಂಚು ಹಾಕುವ ಆ ಅರ್ಧ ನಿಮಿಷವೂ ಆಟವೇ, ಅವಸರ ಮಾಡಬೇಡಿ. ನಾಲ್ಕು ಓಟಕ್ಕೆ ಒಮ್ಮೆಯಾದರೂ ಹಿಡಿಯಲು ಬಿಡಿ, ಹಿಂಗಾಲಿನಿಂದ ಒದೆಯಲು ಬಿಡಿ. 10ರಿಂದ 15 ನಿಮಿಷ ಆದ ಮೇಲೆ ಓಟ ನಿಧಾನ ಮಾಡಿ, ಕೊನೆಯ ಹಿಡಿತ ಬಿಟ್ಟುಕೊಟ್ಟು, ಕೂಡಲೇ ರಾತ್ರಿಯ ಊಟ ಇಡಿ. ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ: ಈ ಸರಣಿ ಬೆಕ್ಕಿನ ಮೈಯಲ್ಲೇ ಇದೆ. ಬೆಳಗ್ಗೆ ಇಂಥದ್ದೇ ಇನ್ನೊಂದು ಸುತ್ತು ಇರಲಿ. ಲೇಸರ್ ಬೆಳಕು ನಾನು ಹೇಳುವುದಿಲ್ಲ. ಹಿಡಿಯಲು ಏನೂ ಸಿಗದ ಬೇಟೆ ಬೆಕ್ಕನ್ನು ಇನ್ನಷ್ಟು ಕೆರಳಿಸುತ್ತದೆ. ಆಟ ಮುಗಿದ ಮೇಲೆ ದಾರವನ್ನು ಬೀರುವಿನಲ್ಲಿಡಿ, ನುಂಗಿದರೆ ಕರುಳು ಮಡಿಚಿಕೊಳ್ಳುತ್ತದೆ.

ಹಲ್ಲು ಮೈಗೆ ತಾಗಿದ ಕ್ಷಣ ಕೈ ಹಿಂದಕ್ಕೆ ಎಳೆಯಬೇಡಿ. ಎಳೆದರೆ ಅದು ಓಡುವ ಬೇಟೆ, ಹಿಡಿತ ಬಿಗಿಯಾಗುತ್ತದೆ, ಚರ್ಮವೂ ಹರಿಯುತ್ತದೆ. ಕೈ ಅಲ್ಲಾಡಿಸದೆ ಸಡಿಲ ಬಿಡಿ. ಬಾಯಿ ಬಿಟ್ಟ ಕೂಡಲೇ ಎದ್ದು ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ, ಒಂದೆರಡು ನಿಮಿಷ ಸಾಕು. ಕಚ್ಚಿದರೆ ಆಟ ಮುಗಿಯಿತು ಎಂದು ಅಣ್ಣತಮ್ಮಂದಿರು ಕಲಿಸಬೇಕಿದ್ದ ಪಾಠವೇ ಇದು. ಮನೆಯ ಎಲ್ಲರೂ ಹೀಗೇ ಮಾಡಬೇಕು. ಒಬ್ಬರು ಕೈಯಲ್ಲಿ ಆಡಿಸಿ ಇನ್ನೊಬ್ಬರು ಎದ್ದು ಹೋದರೆ ಬೆಕ್ಕಿಗೆ ಏನೂ ಅರ್ಥವಾಗುವುದಿಲ್ಲ. ಮೊದಲ ವಾರ ಕಡಿತ ಹೆಚ್ಚಾಗಬಹುದು, ಹಳೆಯ ದಾರಿ ಕೆಲಸ ಮಾಡದಾಗ ಬೆಕ್ಕು ಇನ್ನೂ ಜೋರಾಗಿ ಪ್ರಯತ್ನಿಸುತ್ತದೆ. ಅಲ್ಲಿ ಕೈಬಿಡುವವರೇ ಹೆಚ್ಚು.

ಹೊಡೆಯುವುದು, ಮೂಗಿಗೆ ತಟ್ಟುವುದು, ನೀರು ಚಿಮುಕಿಸುವುದು, ಕುತ್ತಿಗೆ ಹಿಡಿದೆತ್ತುವುದು ಬೇಡ. ಆಟದ ಕಡಿತವನ್ನು ಭಯದ ಕಡಿತವಾಗಿ ಬದಲಿಸಲು ಇಷ್ಟು ಸಾಕು. ಭಯದ ಕಡಿತವನ್ನು ಬಿಡಿಸುವುದು ಹತ್ತು ಪಟ್ಟು ಕಷ್ಟ.

ಮಗಳಿಗೆ ಎರಡೇ ನಿಯಮ ಸಾಕು. ಬೆಕ್ಕು ಮಲಗಿದ್ದಾಗ, ತಿನ್ನುವಾಗ ಮುಟ್ಟುವುದಿಲ್ಲ. ಬೆಕ್ಕು ಹೊಂಚು ಹಾಕುವುದು ಕಂಡರೆ ಓಡದೆ ಮರದಂತೆ ನಿಲ್ಲುವುದು. ಆಟದ ಕೋಲು ದೊಡ್ಡವರ ಎದುರು ಆಕೆಯ ಕೈಗೂ ಬರಲಿ, ಆಗ ಬೆಕ್ಕಿನ ಗಮನ ಆಕೆಯ ಕಾಲಿನಿಂದ ಕೋಲಿನ ತುದಿಗೆ ಹೋಗುತ್ತದೆ. ಎತ್ತಿಕೊಳ್ಳುವುದು ಮಾತ್ರ ಆಕೆಗೆ ಬೇಡ, ಇಷ್ಟು ಉದ್ದದ ಬೆಕ್ಕು ಮಗುವಿನ ಕೈಯಲ್ಲಿ ಜೋತಾಡುತ್ತದೆ. ದೊಡ್ಡವರು ಎತ್ತುವಾಗಲೂ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಗಾಲುಗಳ ಕೆಳಗೆ, ಮೈ ನಿಮ್ಮ ಎದೆಗೆ ಆನಿಸಿರಲಿ. ಐದು ಸೆಕೆಂಡು, ಒದ್ದಾಡುವ ಮೊದಲೇ ಇಳಿಸಿ, ಒಂದು ತುಣುಕು ತಿನಿಸು. ನಿಧಾನಕ್ಕೆ ಹೊತ್ತು ಹೆಚ್ಚಿಸಿ.

ಮನೆಯ ಸಾಮಾನೂ ಗಾತ್ರಕ್ಕೆ ತಕ್ಕಂತಿರಬೇಕು. ಪರಚುವ ಕಂಬ ಹಿಂಗಾಲಲ್ಲಿ ನಿಂತು ಮೈ ಪೂರ್ತಿ ಚಾಚುವಷ್ಟು, ಅಂದರೆ 90 ಸೆಂ.ಮೀ.ಗಿಂತ ಎತ್ತರ, ಜಗ್ಗಿದರೂ ಅಲ್ಲಾಡದಷ್ಟು ಭಾರ. ಒಮ್ಮೆ ಮೈಮೇಲೆ ಉರುಳಿದರೆ ಮತ್ತೆ ಹತ್ತಿರ ಹೋಗುವುದಿಲ್ಲ, ಸೋಫಾ ಹುಡುಕುತ್ತದೆ. ಲಿಟರ್ ತಟ್ಟೆಯ (ಬೆಕ್ಕು ಮಲಮೂತ್ರ ಮಾಡುವ ತಟ್ಟೆ) ಉದ್ದ ಮೂಗಿನಿಂದ ಬಾಲದ ಬುಡದವರೆಗಿನ ಅಳತೆಯ ಒಂದೂವರೆ ಪಟ್ಟು. ಅಂಗಡಿಯ ಮಾಮೂಲಿ ತಟ್ಟೆ ಸಾಲದು, ಬಟ್ಟೆ ತುಂಬುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯ ಒಂದು ಬದಿ ತಗ್ಗಾಗಿ ಕತ್ತರಿಸಿದರೆ ಚೆನ್ನಾಗಿ ಒದಗುತ್ತದೆ.

ಕೂದಲು: ಬೋಳಿಸಬೇಡಿ, ಬಿಡಲೂ ಬೇಡಿ

ಗಂಟು ಬರೀ ಅಂದದ ವಿಷಯವಲ್ಲ. ಒಳಗಿನ ನುಣುಪು ಕೂದಲು ಉದುರಿ ಹೊರಗೆ ಬರಲಾಗದೆ ಮೇಲಿನ ಕೂದಲಿಗೆ ಸುತ್ತಿಕೊಳ್ಳುತ್ತದೆ. ಬೆಕ್ಕು ನೆಕ್ಕಿದಂತೆಲ್ಲ ಒದ್ದೆಯಾಗಿ ಬಿಗಿಯುತ್ತದೆ. ಪ್ರತಿ ಹೆಜ್ಜೆಗೂ ಚರ್ಮ ಎಳೆಯುತ್ತದೆ, ಕೆಳಗೆ ಹುಣ್ಣಾಗುವುದೂ ಉಂಟು. ಮುಂಗಾಲಿನ ಕಂಕುಳು, ಹೊಟ್ಟೆ, ತೊಡೆಯ ಹಿಂಭಾಗ, ಕಿವಿಯ ಹಿಂದೆ ಮೊದಲು ಕಾಣಿಸಿಕೊಳ್ಳುತ್ತದೆ. ಮರಿಯ ಕೂದಲು ಹೋಗಿ ದೊಡ್ಡದರ ಕೂದಲು ಬರುವ ಈ ವಯಸ್ಸಿನಲ್ಲಿ ಬಾಚಣಿಗೆ ತಪ್ಪಿದರೆ ಗಂಟು ಬೇಗ ಕಟ್ಟುತ್ತದೆ.

ಕತ್ತರಿ ಮುಟ್ಟಲೇಬೇಡಿ. ಗಂಟನ್ನು ಮೇಲಕ್ಕೆ ಎತ್ತಿದಾಗ ಬೆಕ್ಕಿನ ತೆಳು ಚರ್ಮವೂ ಡೇರೆಯಂತೆ ಎದ್ದು ನಿಲ್ಲುತ್ತದೆ, ಕೂದಲೆಂದುಕೊಂಡು ಚರ್ಮವನ್ನೇ ಕತ್ತರಿಸಿಕೊಂಡು ಬರುವವರನ್ನು ಕ್ಲಿನಿಕ್‌ನಲ್ಲಿ ಮತ್ತೆ ಮತ್ತೆ ನೋಡುತ್ತೇವೆ. ಬೆರಳಷ್ಟು ಸಣ್ಣ, ಸಡಿಲ ಗಂಟಾದರೆ ಚರ್ಮದ ಬಳಿ ಕೂದಲ ಬುಡವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿಯಿರಿ, ಎಳೆತ ಚರ್ಮಕ್ಕೆ ಹೋಗಬಾರದು. ಮೊದಲು ಬೆರಳಿನಿಂದಲೇ ಗಂಟನ್ನು ಅಗಲಕ್ಕೆ ಬಿಡಿಸಿ, ಆಮೇಲೆ ಅಗಲ ಹಲ್ಲಿನ ಲೋಹದ ಬಾಚಣಿಗೆಯಿಂದ ತುದಿಯಿಂದ ಬುಡದತ್ತ ಸ್ವಲ್ಪ ಸ್ವಲ್ಪವಾಗಿ ಬಾಚಿ. ಬಾಚಣಿಗೆ ಗಂಟಿಗೂ ಚರ್ಮಕ್ಕೂ ನಡುವೆ ತೂರದಿದ್ದರೆ ನಿಲ್ಲಿಸಿ. ಒದ್ದೆ ಮಾಡಬೇಡಿ, ಸ್ನಾನವಂತೂ ಬೇಡವೇ ಬೇಡ. ನೀರು ತಾಗಿದ ಗಂಟು ಒಣಗುವಾಗ ಕಲ್ಲಾಗುತ್ತದೆ.

ನೀವು ಬರೆದಿರುವಂತೆ ಹೊಟ್ಟೆಯೆಲ್ಲ ಗಂಟಾಗಿದ್ದರೆ ಮನೆಯಲ್ಲಿ ಜಗಳವಾಡಬೇಡಿ. ಪಶುವೈದ್ಯರ ಬಳಿ ಮಂಪರು ಕೊಟ್ಟು ಟ್ರಿಮ್ಮರ್‌ನಿಂದ ಗಂಟಿರುವ ಕಡೆ ಮಾತ್ರ ತೆಗೆಸಿ. ಪೂರ್ತಿ ಬೋಳಿಸುವ ಅಗತ್ಯವಿಲ್ಲ. ಬಾಚಿ ಸಡಿಲವಾಗಿರುವ ಕೂದಲು ಬಿಸಿಲಿನಿಂದಲೂ ಚರ್ಮವನ್ನು ಕಾಯುತ್ತದೆ, ಬೋಳಾದರೆ ಮತ್ತೆ ಬರಲು ತಿಂಗಳುಗಳೇ ಬೇಕು. ಸೆಕೆ ಹೆಚ್ಚಿದ್ದರೆ ಗಾಳಿ, ನೆರಳು, ತಂಪು ನೆಲ, ನೀರು ಒದಗಿಸಿ. ಬಾಯಿ ತೆರೆದು ಏದುಸಿರು ಬಿಡುವ ಬೆಕ್ಕನ್ನು ಮಾತ್ರ ತಕ್ಷಣ ವೈದ್ಯರಿಗೆ ತೋರಿಸಬೇಕು, ನಾಯಿಗಳ ಹಾಗೆ ಅದು ಮಾಮೂಲಿಯಲ್ಲ.

ಗಂಟು ತೆಗೆಸಿದ ಮೇಲೆ ವಾರಕ್ಕೆ ಎರಡು–ಮೂರು ಸಲ ಬಾಚಣಿಗೆ. ಬೆನ್ನು, ಕೆನ್ನೆಯಿಂದ ಆರಂಭಿಸಿ, ಪ್ರತಿ ನಾಲ್ಕು ಎಳೆತಕ್ಕೆ ಒಂದು ತಿನಿಸು. ಹೊಟ್ಟೆ ಕೊನೆಗೆ, ಒಂದು ದಿನಕ್ಕೆ ಎರಡೇ ಎಳೆತ.

ಸಂತಾನಹರಣ, ತೂಕ, ಹೃದಯ

ಶಸ್ತ್ರಚಿಕಿತ್ಸೆ ಮಾಡಿಸಿ, ತಡವಾಗಿದೆ. ಎಂಟು ತಿಂಗಳ ಗಂಡು ಯಾವಾಗ ಬೇಕಾದರೂ ಗೋಡೆಗೆ ಮೂತ್ರ ಸಿಂಪಡಿಸಲು ತೊಡಗಬಹುದು, ಒಮ್ಮೆ ರೂಢಿಯಾದರೆ ಆಮೇಲೆ ಬಿಡಿಸುವುದು ಖಾತ್ರಿಯಲ್ಲ. ಅಲೆದಾಟ, ಗಂಡುಗಳ ಕಾದಾಟವೂ ಕಡಿಮೆಯಾಗುತ್ತದೆ. ಆದರೆ ‘ಮಾಡಿಸಿದರೆ ಕಚ್ಚುವುದು ನಿಲ್ಲುತ್ತದೆ’ ಎಂಬ ನಿರೀಕ್ಷೆ ಬೇಡ. ಆಟದ ಕಡಿತಕ್ಕೂ ಗಂಡು ಹಾರ್ಮೋನಿಗೂ ನಂಟು ಕಡಿಮೆ.

ಅರಿವಳಿಕೆಗೆ ಮೊದಲು ಹೃದಯದ ಎಕೋ (ಅಲ್ಟ್ರಾಸೌಂಡ್) ಸ್ಕ್ಯಾನ್ ಮಾಡಿಸುವುದು ಈ ತಳಿಯಲ್ಲಿ ಹೆಚ್ಚುವರಿ ಖರ್ಚಲ್ಲ. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪಥಿ, ಅಂದರೆ ಹೃದಯದ ಎಡ ಕೋಣೆಯ ಗೋಡೆ ದಪ್ಪವಾಗುವ ಕಾಯಿಲೆ ಮೇನ್ ಕೂನ್‌ಗಳಲ್ಲಿ ವಂಶದಲ್ಲಿ ಹರಿದು ಬರುತ್ತದೆ. ಇದರ ಒಂದು ಕಾರಣವನ್ನು 2005ರಲ್ಲಿ ಗುರುತಿಸಿದರು: ಎಂವೈಬಿಪಿಸಿ3 ಎಂಬ ಜೀನ್‌ನ ಒಂದು ಬದಲಾವಣೆ. ಪರೀಕ್ಷೆಗೊಳಪಟ್ಟ ಮೇನ್ ಕೂನ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ಇದನ್ನು ಹೊತ್ತಿವೆ. ತಂದೆ, ತಾಯಿ ಇಬ್ಬರಿಂದಲೂ ಬಂದಿದ್ದರೆ ಅಪಾಯ ಬಹಳ ಹೆಚ್ಚು, ಎಳೆ ವಯಸ್ಸಿನಲ್ಲೇ ಕಾಣಿಸಿಕೊಳ್ಳಬಹುದು. ಒಬ್ಬರಿಂದ ಮಾತ್ರ ಬಂದಿದ್ದರೆ ಅಪಾಯ ಅಷ್ಟಿಲ್ಲ. ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಉಜ್ಜಿ ಕಳಿಸಿದರೆ ಪರೀಕ್ಷೆಯಾಗುತ್ತದೆ. ‘ಡಿಎನ್‌ಎ ನೆಗೆಟಿವ್’ ಚೀಟಿ ತೋರಿಸಿ ಹೃದಯ ಗಟ್ಟಿ ಎನ್ನುವ ಮಾರಾಟಗಾರರ ಮಾತನ್ನು ಪೂರ್ತಿ ನಂಬಬೇಡಿ. ಆ ಬದಲಾವಣೆ ಇಲ್ಲದ ಬೆಕ್ಕಿಗೂ ಬೇರೆ ಕಾರಣದಿಂದ ಇದೇ ಕಾಯಿಲೆ ಬರುತ್ತದೆ. ಸ್ಟೆತಾಸ್ಕೋಪಿನಲ್ಲಿ ಏನೂ ಕೇಳದಿದ್ದರೂ ಕಾಯಿಲೆ ಇರಬಹುದು. ಎಕೋ ಒಂದೇ ನೇರ ದಾರಿ, ಅದೂ ಒಮ್ಮೆಗೆ ಮುಗಿಯುವುದಿಲ್ಲ. ಎಷ್ಟು ಅಂತರಕ್ಕೆ ಮತ್ತೆ ಬೇಕೆಂದು ಮೊದಲ ಸ್ಕ್ಯಾನ್ ನೋಡಿ ವೈದ್ಯರು ಹೇಳುತ್ತಾರೆ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಬೆಕ್ಕು ಗಾಢ ನಿದ್ದೆಯಲ್ಲಿರುವಾಗ ಪಕ್ಕೆಲುಬು ಎದ್ದು ಇಳಿಯುವುದನ್ನು ಒಂದು ಉಸಿರೆಂದು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಗುರುಗುರು ಎನ್ನುವಾಗ, ಕನಸಿನಲ್ಲಿ ಕಾಲಾಡಿಸುವಾಗ ಎಣಿಸಬೇಡಿ. ನಿಮಿಷಕ್ಕೆ 30ರ ಒಳಗಿರಬೇಕು. ವಾರಕ್ಕೊಮ್ಮೆ ಬರೆದಿಡಿ. ಮತ್ತೆ ಮತ್ತೆ 30 ದಾಟಿದರೆ ವೈದ್ಯರಿಗೆ ಫೋನ್ ಮಾಡಿ. ಹಿಂಗಾಲುಗಳು ಹಠಾತ್ತನೆ ಬಿದ್ದುಹೋಗಿ, ಪಾದ ತಣ್ಣಗಾಗಿ, ಬೆಕ್ಕು ಕಿರುಚಿದರೆ ಅದು ಹೃದಯದಿಂದ ಹೊರಟ ರಕ್ತದ ಹೆಪ್ಪು ಇರಬಹುದು, ಒಂದು ಗಂಟೆಯೂ ಕಾಯುವಂತಿಲ್ಲ.

ಸೊಂಟದ ಕೀಲು ಸಡಿಲವಿರುವ ತೊಂದರೆಯೂ ಈ ತಳಿಯಲ್ಲಿ ಹೆಚ್ಚು. ಎತ್ತಿಕೊಂಡಾಗ ಒದ್ದಾಡುವುದು ಬರೀ ಇಷ್ಟವಿಲ್ಲದೆಯೋ, ಸೊಂಟ ನೋಯುತ್ತದೆಯೋ ಎಂದು ತಿಳಿಯಬೇಕಾದ್ದು ಇದಕ್ಕೇ. ಮೇಲೆ ಹಾರುವ ಮೊದಲು ಹಿಂಜರಿಯುವುದು, ಹಿಂಗಾಲೆರಡನ್ನೂ ಮೊಲದಂತೆ ಒಟ್ಟಿಗೆ ಎತ್ತಿ ಓಡುವುದು ಕಂಡರೆ ಎಕ್ಸ್-ರೇ ಕೇಳಿ. ಗಂಟು ತೆಗೆಸುವಾಗ ಕೊಡುವ ಮಂಪರಿನಲ್ಲೇ ಅದೂ ಆಗುತ್ತದೆ. ಇನ್ನೊಂದು ಅಪಾಯ: ಸಂತಾನಹರಣವಾದ, ತೂಕ ಹೆಚ್ಚಿದ ಎಳೆಯ ಗಂಡುಗಳಲ್ಲಿ ತೊಡೆಮೂಳೆಯ ತಲೆ ಬೆಳವಣಿಗೆಯ ಗೆರೆಯಲ್ಲೇ (ಮೂಳೆ ಬೆಳೆಯುವ ಮೆದು ಭಾಗ) ಜಾರುವುದುಂಟು, ಮೇನ್ ಕೂನ್ ಇದರಲ್ಲಿ ಮುಂದೆ. ಶಸ್ತ್ರಚಿಕಿತ್ಸೆ ಆದ ಮೇಲೆ ಬೆಳವಣಿಗೆಯ ಗೆರೆ ತಡವಾಗಿ ಮುಚ್ಚುತ್ತದೆ, ಹಸಿವು ಹೆಚ್ಚುತ್ತದೆ, ಶಕ್ತಿಯ ಅಗತ್ಯ ಸುಮಾರು ಕಾಲು ಭಾಗ ಇಳಿಯುತ್ತದೆ. ಹಾಗೆಂದು ಶಸ್ತ್ರಚಿಕಿತ್ಸೆ ಬಿಡುವುದಲ್ಲ, ತಟ್ಟೆ ಅಳೆಯುವುದು. ಬೆಳೆದ, ಸಂತಾನಹರಣವಾದ 7 ಕೆ.ಜಿ. ಗಂಡಿಗೆ ದಿನಕ್ಕೆ ಹೆಚ್ಚುಕಡಿಮೆ 300ರಿಂದ 360 ಕಿಲೋಕ್ಯಾಲರಿ ಸಾಕು. ನಿಮ್ಮದು ಇನ್ನೂ ಬೆಳೆಯುತ್ತಿರುವುದರಿಂದ ಮರಿಗಳ ಆಹಾರವನ್ನು ಒಂದು ವರ್ಷ ದಾಟುವವರೆಗೆ ಮುಂದುವರಿಸಿ, ಆದರೆ ಗ್ರಾಂ ತೂಗಿ ಹೊತ್ತುಹೊತ್ತಿಗೆ ಕೊಡಿ. ಎರಡು ವಾರಕ್ಕೊಮ್ಮೆ ಬೆಕ್ಕನ್ನು ತೂಗಿ. ಕೂದಲಿನಡಿ ಬೆರಳಾಡಿಸಿದಾಗ ಪಕ್ಕೆಲುಬು ಸುಲಭವಾಗಿ ಕೈಗೆ ಸಿಗಬೇಕು. ಗಂಡುಗಳು ಸಾಮಾನ್ಯವಾಗಿ 6ರಿಂದ 8 ಕೆ.ಜಿ.ಗೆ ನಿಲ್ಲುತ್ತವೆ, ಕೆಲವು ಅದನ್ನೂ ದಾಟುತ್ತವೆ. ಹದಿನೈದು ಕೆ.ಜಿ. ಎಂದು ಹೆಮ್ಮೆಯಿಂದ ತೋರಿಸುವ ಚಿತ್ರಗಳಲ್ಲಿ ಇರುವುದು ಬಹುಪಾಲು ಬೊಜ್ಜು. ಅದರ ಭಾರ ಹೊರುವುದು ಆ ಸೊಂಟವೇ.

ಇಟ್ಟುಕೊಳ್ಳುವುದೇ, ಕೊಡುವುದೇ

ಇಟ್ಟುಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ, ಒಂದು ಷರತ್ತಿನ ಮೇಲೆ: ದಿನಕ್ಕೆ ಎರಡು ಹೊತ್ತು ಆಟ ಮತ್ತು ವಾರಕ್ಕೆ ಎರಡು ಬಾಚಣಿಗೆ ನಿಮ್ಮ ಮನೆಯಲ್ಲಿ ನಿಜವಾಗಿ ನಡೆಯಬೇಕು. ಗಂಟು, ಸೊಂಟ, ಹೃದಯದ ಪರೀಕ್ಷೆ ಮೊದಲು ಮುಗಿಸಿ. ನೋವಿರುವ ಬೆಕ್ಕಿಗೆ ಯಾವ ಪಾಠವೂ ಹತ್ತುವುದಿಲ್ಲ. ಆಮೇಲೆ ಎಂಟು ವಾರ ಮೇಲೆ ಹೇಳಿದ್ದನ್ನು ತಪ್ಪದೆ ಮಾಡಿ, ಕಡಿತವಾದ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅಷ್ಟರವರೆಗೆ ಸಂಜೆ ಹೊತ್ತು ಮಗಳು ಮತ್ತು ಬೆಕ್ಕು ದೊಡ್ಡವರಿಲ್ಲದೆ ಒಂದೇ ಕೋಣೆಯಲ್ಲಿ ಇರಬಾರದು. ಗುರುತುಗಳು ವಿರಳವಾಗುತ್ತ ಬಂದರೆ ಸರಿದಾರಿಯಲ್ಲಿದ್ದೀರಿ.

ಜೊತೆಗೆ ಇನ್ನೊಂದು ಬೆಕ್ಕು ತರುವ ಯೋಚನೆಯೂ ಬರಬಹುದು. ಇದೇ ವಯಸ್ಸಿನ, ಇದೇ ಹುರುಪಿನ ಬೆಕ್ಕಾದರೆ ಕುಸ್ತಿಯ ಹಂಬಲ ಅಲ್ಲಿ ತೀರುತ್ತದೆ. ಆದರೆ ಬೇರೆ ಕೋಣೆಯಲ್ಲಿಟ್ಟು, ವಾಸನೆ ವಿನಿಮಯ ಮಾಡಿ, ಬಾಗಿಲಿನ ಎರಡೂ ಬದಿ ಊಟವಿಟ್ಟು ಪರಿಚಯಿಸಲು ವಾರಗಳೇ ಹಿಡಿಯುತ್ತವೆ, ಹೊಂದಾಣಿಕೆಯಾಗದೆ ಇಬ್ಬರನ್ನೂ ಬೇರೆಯಾಗಿಯೇ ಇಡಬೇಕಾಗಿ ಬರಬಹುದು. ಮೊದಲನೆಯದರ ಕಡಿತ ಹತೋಟಿಗೆ ಬರುವ ಮುನ್ನ ಈ ಕೆಲಸಕ್ಕೆ ಕೈಹಾಕಬೇಡಿ. ಹುರುಪು ತೀರಲೆಂದು ಹೊರಗೆ ಬಿಡುವುದೂ ಬೇಡ. ಜನರ ಕಡೆಗೆ ತಾನೇ ಹೋಗುವ ಈ ಬೆಕ್ಕು ಕಳ್ಳತನಕ್ಕೂ ವಾಹನಕ್ಕೂ ಸುಲಭವಾಗಿ ಸಿಗುತ್ತದೆ.

ಎಂಟು ವಾರದ ಮೇಲೂ ಹಲ್ಲು ಆಳಕ್ಕೆ ನಾಟುತ್ತಿದ್ದರೆ, ಅಥವಾ ಮಗಳು ತನ್ನ ಮನೆಯಲ್ಲೇ ಹೆದರಿ ಓಡಾಡುವಂತಾದರೆ, ಚಿಕ್ಕ ಮಕ್ಕಳಿಲ್ಲದ, ಸಮಯವಿರುವ ಮನೆಗೆ ಕೊಡುವುದು ಸೋಲಲ್ಲ. ಆಗ ಕಡಿತದ ವಿಷಯ, ಎಕೋ ವರದಿ, ಲಸಿಕೆಯ ಚೀಟಿ ಯಾವುದನ್ನೂ ಮುಚ್ಚಿಡದೆ ಕೊಡಿ. ಸಂತಾನಹರಣ ಮಾಡಿಸಿಯೇ ಕೊಡಿ. ಹಾಗೆ ಕೊಡದಿದ್ದರೆ ‘ದೊಡ್ಡ ಗಾತ್ರದ ಗಂಡು’ ಎಂದು ಮರಿಹಾಕಿಸುವವರ ಕೈ ಸೇರಿ, ಪರೀಕ್ಷೆಯಾಗದ ಹೃದಯ ಮುಂದಿನ ಮರಿಗಳಿಗೂ ಹೋಗುತ್ತದೆ.